ನಿಂತಿದ್ದ ಟ್ರ್ಯಾಕ್ಟರ್‌ಗೆ ಕಾರು ಗುದ್ದಿ ತಮ್ಮನ ತೊಡೆ ಮೂಳೆ ಮುರಿದಿದೆ. ಕಾಲು ವಾಸಿಯಾದ ಮೇಲೆ ಪರಿಹಾರಕ್ಕೆ ಕೇಸ್ ಹಾಕಬಹುದಾ?

ಗಂಗಾವತಿ–ಕಾರಟಗಿ ರಸ್ತೆಯಲ್ಲಿ ರಾತ್ರಿ ಲೈಟಿಲ್ಲದೆ ನಿಂತಿದ್ದ ಭತ್ತದ ಟ್ರ್ಯಾಕ್ಟರ್‌ಗೆ ಗೆಳೆಯನ ಕಾರು ಗುದ್ದಿದೆ, ಪಕ್ಕದ ಸೀಟಿನಲ್ಲಿ ನಿಮ್ಮ ತಮ್ಮ ಇದ್ದರು, ಎಡ ತೊಡೆಗೆ ರಾಡ್ ಹಾಕಿದ್ದಾರೆ, ಟ್ರ್ಯಾಕ್ಟರ್ ಕಡೆಯವರು 50 ಸಾವಿರಕ್ಕೆ ರಾಜಿ ಅಂತಿದ್ದಾರೆ ಅಂತ ಬರೆದಿದ್ದೀರಿ. ತಮ್ಮನಿಗೆ 32 ವರ್ಷ, ಭತ್ತ ಕೊಯ್ಯೋ ಮಷಿನ್ ಡ್ರೈವರ್.

ಕಾಯಬೇಡ್ರಿ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿ ಪ್ರಕಾರ ಅಪಘಾತವಾದ 6 ತಿಂಗಳೊಳಗೆ ಕ್ಲೇಮ್ ಅರ್ಜಿ ಹಾಕಬೇಕು. ಕಾಲಿಗೆ ಎಷ್ಟು ಊನ ಉಳಿಯಿತು ಅಂತ ಡಾಕ್ಟರು ಹೇಳೋದು ಮೂಳೆ ಕೂಡಿದ ಮೇಲೆ, ತೊಡೆ ಮೂಳೆಗೆ ಅದು ಎಷ್ಟೋ ಸಲ 6 ತಿಂಗಳು ದಾಟುತ್ತೆ. ಅದಕ್ಕೇ ಜನ ಕಾದು ಕೆಡ್ತಾರೆ. ಅರ್ಜಿ ಈಗ ಹಾಕಿ, ಡಾಕ್ಟರ ಸಾಕ್ಷಿ ಆಮೇಲೆ ಮಾಡಿಸಬಹುದು. ರಾಜಿ ಪತ್ರಕ್ಕಂತೂ ಸಹಿ ಬೇಡವೇ ಬೇಡ. ‘ನಮ್ಮದೇನೂ ತಕರಾರಿಲ್ಲ’ ಅಂತ ಠಾಣೆಯಲ್ಲಿ ಬರೆದುಕೊಟ್ಟರೆ ಇನ್ಶೂರೆನ್ಸ್ ವಕೀಲರು ಮೊದಲು ತೋರಿಸೋದು ಆ ಹಾಳೆಯನ್ನೇ.

ಈಗ ಯಾರ ಮೇಲೆ ಹಾಕಬೇಕು ಅನ್ನೋದು. ಹಿಂದಿನಿಂದ ಗುದ್ದಿದ್ದು ಕಾರು, ಹಾಗಾಗಿ ಪೊಲೀಸರು ಕಾರಿನವರ ಮೇಲಷ್ಟೇ ಚಾರ್ಜ್‌ಶೀಟ್ ಹಾಕಿರಬಹುದು. ಅದನ್ನು ನೋಡಿ ಟ್ರ್ಯಾಕ್ಟರ್ ಬಿಟ್ಟುಬಿಡಬೇಡಿ. ಸುಮ್ಮನೆ ಕೂತಿದ್ದ ಪ್ರಯಾಣಿಕನದು ಏನೂ ತಪ್ಪಿಲ್ಲ. ಎರಡೂ ವಾಹನದ ತಪ್ಪಿದ್ದರೆ ಪೂರ್ತಿ ಪರಿಹಾರವನ್ನು ಯಾವುದಾದರೂ ಒಂದರ ಕಡೆಯಿಂದ ವಸೂಲು ಮಾಡಬಹುದು ಅಂತ ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ. ಎರಡರ ಮಾಲೀಕರನ್ನೂ ಎರಡರ ಇನ್ಶೂರೆನ್ಸ್ ಕಂಪನಿಗಳನ್ನೂ ಎದುರುದಾರರನ್ನಾಗಿ ಮಾಡಿ. ಇದು ಯಾಕೆ ಮುಖ್ಯ ಅಂದ್ರೆ, ಕಾರಿಗೆ ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಕಾರೊಳಗೆ ಕೂತವರಿಗೆ ಕಂಪನಿ ಕೊಡಬೇಕಾಗಿಲ್ಲ. ಪ್ಯಾಕೇಜ್ (ಕಾಂಪ್ರೆಹೆನ್ಸಿವ್) ಪಾಲಿಸಿ ಇದ್ದರೆ ಕೊಡಬೇಕು. ಟ್ರ್ಯಾಕ್ಟರ್ ಕಡೆ ಬೇರೆ ತಂಟೆ: ಇಂಜಿನ್‌ಗೆ ಪಾಲಿಸಿ ಇರುತ್ತೆ, ಟ್ರೇಲರ್‌ಗೆ ಎಷ್ಟೋ ಸಲ ಇರಲ್ಲ. ಪಾಲಿಸಿ ಹಾಳೆಯಲ್ಲಿ ಟ್ರೇಲರ್ ನಂಬರೂ ಇದೆಯಾ ಅಂತ ಕಣ್ಣಾರೆ ನೋಡಿ.

ಕಾಗದಗಳಲ್ಲಿ ಎಫ್‌ಐಆರ್, ಸ್ಥಳ ಪಂಚನಾಮೆ, ನಕ್ಷೆ, ಮೋಟಾರು ವಾಹನ ಇನ್‌ಸ್ಪೆಕ್ಟರ ವರದಿ, ಗಾಯದ ಸರ್ಟಿಫಿಕೇಟ್, ಚಾರ್ಜ್‌ಶೀಟ್ ಇವನ್ನೆಲ್ಲ ವಕೀಲರೇ ಠಾಣೆಯಿಂದ ತೆಗೆಸ್ತಾರೆ. ನಕ್ಷೆಯಲ್ಲಿ ಟ್ರ್ಯಾಕ್ಟರ್ ಡಾಂಬರಿನ ಮೇಲಿತ್ತಾ, ಮಣ್ಣಿನ ಅಂಚಿಗಿತ್ತಾ, ಹಿಂದೆ ರಿಫ್ಲೆಕ್ಟರ್ ಇತ್ತಾ ಅನ್ನೋದರ ಮೇಲೆ ಅರ್ಧ ಕೇಸ್ ನಿಂತಿದೆ. ನೀವೇ ನೋಡಬೇಕಾದದ್ದು ಮೊದಲು ಹೋದ ಆಸ್ಪತ್ರೆಯ ಕೇಸ್ ಶೀಟ್. ಗಡಿಬಿಡಿಯಲ್ಲಿ ಯಾರೋ ‘ಬೈಕಿಂದ ಬಿದ್ದ’ ಅಂದಿರ್ತಾರೆ, ಅಲ್ಲಿ ಹಾಗೇ ಬರೆದಿರ್ತಾರೆ. ಕಂಪನಿಯವರು ಆ ಒಂದು ಸಾಲು ಹಿಡಿದು ಇಡೀ ಅಪಘಾತವೇ ಸುಳ್ಳು ಅಂತಾರೆ. ಹಾಗೇನಾದರೂ ಇದ್ದರೆ ಈಗಲೇ ವಕೀಲರಿಗೆ ಹೇಳಿ.

ದುಡ್ಡಿನ ಲೆಕ್ಕ ಹೀಗೆ. 31ರಿಂದ 35 ವಯಸ್ಸಿಗೆ ಗುಣಕ (ವರ್ಷದ ಆದಾಯವನ್ನು ಎಷ್ಟರಿಂದ ಗುಣಿಸಬೇಕು ಅನ್ನೋ ಅಂಕಿ) 16. ತಿಂಗಳಿಗೆ 15,000 ಆದಾಯ ಅಂತ ಹಿಡಿದರೆ 15,000 × 12 × 16, ಅಂದ್ರೆ 28,80,000. ಡಾಕ್ಟರು ಕಾಲಿಗೆ 36% ಊನ ಅಂದರೆ ಕೋರ್ಟು ಸಾಮಾನ್ಯವಾಗಿ ಮೂರರಲ್ಲೊಂದು ಪಾಲು, 12%, ಇಡೀ ದೇಹಕ್ಕೆ ಅಂತ ಹಿಡಿಯುತ್ತೆ: 3,45,600. ಆದರೆ ನಿಮ್ಮ ತಮ್ಮನ ಕೆಲಸವೇ ಕಾಲಲ್ಲಿ. ಎಡಗಾಲಲ್ಲಿ ಕ್ಲಚ್ ತುಳಿಯೋಕೆ ಆಗದಿದ್ದರೆ ದುಡಿಮೆಗೆ ಆದ ನಷ್ಟ 12%ಗಿಂತ ಬಹಳ ಜಾಸ್ತಿ, ಕೋರ್ಟು ಅಳೀಬೇಕಾದದ್ದೂ ದುಡಿಮೆಯ ನಷ್ಟವನ್ನೇ ಅಂತ 2010ರ ಸುಪ್ರೀಂ ಕೋರ್ಟ್ ತೀರ್ಪಿದೆ. ಅದೇ 25% ಒಪ್ಪಿದರೆ 7,20,000. ಅದಕ್ಕೆ ಡ್ರೈವಿಂಗ್ ಲೈಸೆನ್ಸ್, ಮಷಿನ್ ಮಾಲೀಕರ ಸಾಕ್ಷಿ, ಸಂಬಳ ಜಮೆಯಾದ ಬ್ಯಾಂಕ್ ಪಾಸ್‌ಬುಕ್ ಬೇಕು; ಇವಿಲ್ಲದಿದ್ದರೆ ಕೂಲಿ ಲೆಕ್ಕವೇ ಗತಿ. ಆಪರೇಷನ್ ಮಾಡಿದ ಡಾಕ್ಟರೇ ಸಾಕ್ಷಿ ಹೇಳಿದರೆ ಇನ್ನೂ ಒಳ್ಳೆಯದು. ರಾಡ್ ತೆಗೆಸೋ ಖರ್ಚಿನ ಅಂದಾಜನ್ನೂ ಅವರಿಂದಲೇ ಬರೆಸಿಕೊಳ್ಳಿ. ನೋವು, ಔಷಧಿ, ಮಲಗಿದ್ದ ತಿಂಗಳುಗಳ ಸಂಬಳ, ನೋಡಿಕೊಂಡವರ ಖರ್ಚು ಇವೆಲ್ಲ ಬೇರೆ. ಬಿಲ್ ಒರಿಜಿನಲ್ಲೇ ಕೋರ್ಟಿಗೆ ಹೋಗುತ್ತೆ, ಝೆರಾಕ್ಸ್ ಇಟ್ಟುಕೊಳ್ಳಿ.

ಯಾರ ತಪ್ಪು ಅಂತ ಸಾಬೀತು ಮಾಡದೆ 2.5 ಲಕ್ಷ ಸಿಗೋ 164ನೇ ಕಲಮೂ ಇದೆ. ಅದನ್ನು ಒಪ್ಪಿಕೊಂಡರೆ ಪೂರ್ತಿ ಪರಿಹಾರದ ಈ ದೊಡ್ಡ ಅರ್ಜಿ ಬಿದ್ದುಹೋಗುತ್ತೆ, ನಿಮ್ಮ ಕೇಸಿಗೆ ನಾನಂತೂ ಹೇಳಲ್ಲ. ಲೋಕ್ ಅದಾಲತ್‌ನಲ್ಲಿ ಒಪ್ಪಿದ ಮೊತ್ತಕ್ಕೂ ಮೇಲ್ಮನವಿ ಇಲ್ಲ, ಡಾಕ್ಟರ ಸಾಕ್ಷಿ ಆಗೋ ಮುಂಚೆ ಅಲ್ಲಿ ಕೂರಬೇಡಿ. ಬಂದದ್ದರಲ್ಲಿ ಇಷ್ಟು ಪರ್ಸೆಂಟ್ ಅಂತ ಫೀಸು ಕೇಳೋದು ವಕೀಲರ ನಿಯಮಕ್ಕೇ ವಿರುದ್ಧ, ಆಸ್ಪತ್ರೆ ಬಾಗಿಲಲ್ಲಿ ಕಾಯೋ ಏಜೆಂಟರನ್ನು ದೂರ ಇಡಿ.

ಅರ್ಜಿಯನ್ನು ಅಪಘಾತವಾದ ಕಡೆಯೂ ಹಾಕಬಹುದು, ನೀವಿರೋ ಕಡೆಯೂ ಹಾಕಬಹುದು. ಸಿಂಧನೂರಿನವರಾದರೆ ಅಲ್ಲೇ ಹಾಕಿ, ಓಡಾಟ ಉಳಿಯುತ್ತೆ. ಮೊತ್ತ ಕಡಿಮೆ ಅನ್ನಿಸಿದರೆ 90 ದಿನದಲ್ಲಿ ಹೈಕೋರ್ಟಿಗೆ ಹೋಗಬೇಕು: ಕೊಪ್ಪಳ ಜಿಲ್ಲೆಯ ಕೇಸು ಧಾರವಾಡಕ್ಕೆ, ರಾಯಚೂರಿನದು ಕಲಬುರಗಿಗೆ.