ಒಂಬತ್ತು ದಿನ, ಐದು ದೇಶ

ಪ್ರವಾಸ ಕಥನ ವಾಪಸು ಕಳಿಸಿದ್ದಕ್ಕೆ ಓದುಗರೊಬ್ಬರು ಸಿಟ್ಟಾಗಿ ಬರೆದಿದ್ದಾರೆ: “ಒಂಬತ್ತು ದಿನದಲ್ಲಿ ಐದು ದೇಶ ನೋಡಿದವನು ಬರೆಯಬಾರದೆ? ತಿಂಗಳುಗಟ್ಟಲೆ ಒಂದೇ ಊರಲ್ಲಿ ಬೀಡುಬಿಡಲು ನಮಗೆ ರಜೆ ಎಲ್ಲಿದೆ? ಊರವರಿಗೆ ಕಾಣದ್ದು ಹೊಸಬನ ಕಣ್ಣಿಗೆ ಬೀಳುತ್ತದೆ.”

ಸಂಪಾದಕರ ಉತ್ತರ: ಲೇಖನಕ್ಕಿಂತ ನಿಮ್ಮ ಕಾಗದವೇ ಚೆನ್ನಾಗಿದೆ, ಸ್ವಾಮಿ. ರಜೆಯ ಮಾತು ನಿಜ. ಹೊಸಬನ ಕಣ್ಣಿನ ಮಾತೂ ತಕ್ಕಮಟ್ಟಿಗೆ ನಿಜ. ಆದರೆ ಆ ಒಂಬತ್ತು ದಿನವನ್ನು ಒಂದೇ ಊರಿಗೆ ಕೊಡಬಹುದಿತ್ತಲ್ಲ?

‘ಇಲ್ಲಿನ ಜನ ಮುಗ್ಧರು’ ಎಂದು ಮೂರು ಕಡೆ ಬರೆದಿದ್ದೀರಿ. ಅವರ ಭಾಷೆಯ ಒಂದಕ್ಷರ ಬಾರದ ನಿಮಗೆ ಅದು ಗೊತ್ತಾದದ್ದು ಹೇಗೆ? ‘ಜನ ಹೇಳುತ್ತಾರೆ’ ಎಂದಲ್ಲೆಲ್ಲ ಮಾತಾಡಿರುವುದು ನಿಮ್ಮ ಟ್ಯಾಕ್ಸಿ ಚಾಲಕನೊಬ್ಬನೇ. ಇನ್ನು ಆ ಫೋಟೋ. ಮಗ್ಗದ ಮುಂದೆ ಕೂತ ಮುದುಕಿ ಕ್ಯಾಮೆರಾಕ್ಕೆ ಅಂಗೈ ಅಡ್ಡ ಹಿಡಿದಿದ್ದಾಳೆ. ಕೆಳಗೆ ನೀವು ‘ನಾಚಿಕೆಯ ನಗು’ ಎಂದು ಬರೆದಿದ್ದೀರಿ. ನನಗಂತೂ ಆ ಕೈ ‘ಬೇಡ’ ಎನ್ನುತ್ತಿರುವಂತೆಯೇ ಕಂಡಿತು.

ಅಲ್‌ಬೆರೂನಿ ಎಂಬ ಮಧ್ಯ ಏಷ್ಯಾದ ವಿದ್ವಾಂಸ ನಡುವಯಸ್ಸು ದಾಟುವಾಗ ಸಂಸ್ಕೃತ ಕಲಿಯಲು ಕೂತವನು. 1030ರ ಸುಮಾರಿಗೆ ಭಾರತದ ಬಗ್ಗೆ ಬರೆದಾಗ, ಹೊರಗಿನವನಿಗೆ ಈ ಜನ ಅರ್ಥವಾಗುವುದು ಏಕೆ ಕಷ್ಟ ಎಂಬುದರಿಂದಲೇ ಶುರುಮಾಡಿದ. ನಮ್ಮವರ ಜಂಬವನ್ನು ಮುಲಾಜಿಲ್ಲದೆ ಟೀಕಿಸಿದ್ದಾನೆ. ಆದರೆ ಗೀತೆ, ಪುರಾಣಗಳ ಭಾಗಗಳನ್ನೇ ಮುಂದಿಟ್ಟು ನಮ್ಮ ವಾದ ಹೇಳಲು ನಮಗೂ ಜಾಗ ಬಿಟ್ಟಿದ್ದಾನೆ.

ಉಳಿದುಬಿಟ್ಟರೆ ಪ್ರೀತಿ ಹುಟ್ಟುತ್ತದೆಂದು ನಾನು ಹೇಳುತ್ತಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ನ್ಯೂಗಿನಿ ಬಳಿಯ ಟ್ರೋಬ್ರಿಯಾಂಡ್ ದ್ವೀಪಗಳ ಹಳ್ಳಿಯಲ್ಲಿ ಡೇರೆ ಹಾಕಿ ಕೂತ ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿಯ ಡೈರಿ 1967ರಲ್ಲಿ ಹೊರಬಂದಾಗ, ಅದರ ತುಂಬ ಅಲ್ಲಿನವರ ಮೇಲೆ ರೇಗಾಟ, ತಾತ್ಸಾರ. ಹಾಗಿದ್ದೂ ಅಲ್ಲಿನವರು ದೋಣಿಯಲ್ಲಿ ಹೋಗಿ ಉಡುಗೊರೆ ಕೊಟ್ಟು ಪಡೆಯುವ ‘ಕುಲಾ’ ವಿನಿಮಯದಲ್ಲಿ ಕೆಂಪು ಚಿಪ್ಪಿನ ಹಾರಗಳು ದ್ವೀಪದಿಂದ ದ್ವೀಪಕ್ಕೆ ಪ್ರದಕ್ಷಿಣೆಯಾಗಿ, ಬಿಳಿ ಚಿಪ್ಪಿನ ತೋಳಬಳೆಗಳು ಅಪ್ರದಕ್ಷಿಣೆಯಾಗಿ ಸಾಗುತ್ತವೆಂದು ಜಗತ್ತಿಗೆ ಬಿಡಿಸಿ ಹೇಳಿದವನು ಅವನೇ. ಹಾಯಿದೋಣಿಯ ಫೋಟೋ ತೆಗೆದುಕೊಂಡು ಸಂಜೆಗೆ ಹೊರಟವನಿಗೆ ಇದು ದಕ್ಕುತ್ತಿರಲಿಲ್ಲ.

ಕೆಲವೇ ತಿಂಗಳು ಇಲ್ಲಿ ಸುತ್ತಿದ ಅಮೆರಿಕದ ಲೇಖಕಿ ಕ್ಯಾಥರೀನ್ ಮೇಯೋ 1927ರಲ್ಲಿ ನಮ್ಮನ್ನು ಹೀಗಳೆದು ‘ಮದರ್ ಇಂಡಿಯಾ’ ಎಂಬ ಪುಸ್ತಕ ತಂದಾಗ ಗಾಂಧೀಜಿ ಅದನ್ನು ಚರಂಡಿ ಇನ್‌ಸ್ಪೆಕ್ಟರನ ವರದಿ ಎಂದರು. ದೇಶಕ್ಕೆ ದೇಶವೇ ಕೆರಳಿತ್ತು. ಆ ಉರಿ ಗೊತ್ತಿದ್ದೂ, ಪೆನ್ನು ನಮ್ಮ ಕೈಗೆ ಬಂದಾಗ ನಾವು ಬರೆಯುವುದು ಮಾತ್ರ ‘ಕಾಲ ಇಲ್ಲಿ ನಿಂತಿದೆ’, ‘ಬಡವರಾದರೂ ಸಂತೃಪ್ತರು’. ಹೊಗಳಿಕೆಯಾದ್ದರಿಂದ ಯಾರೂ ತಕರಾರು ಎತ್ತುವುದಿಲ್ಲ, ಅಷ್ಟೇ.

ತಪ್ಪು ನಿಮ್ಮೊಬ್ಬರದಲ್ಲ. ‘ನೋಡಲೇಬೇಕಾದ ಹತ್ತು ತಾಣ’ ಎಂದು ಅಚ್ಚುಹಾಕುವವರು ನಾವೇ ಪತ್ರಿಕೆಯವರು. ಟಿಕೆಟ್ಟು, ಹೋಟೆಲ್ಲು ಪುಕ್ಕಟೆ ಪಡೆದು ಬರೆಯುವ ಒಂದು ಸಂತತಿಯೇ ಬೆಳೆದಿದೆ. ಯಾರ ಖರ್ಚು ಎಂಬುದು ಲೇಖನದ ಕೊನೆಯಲ್ಲೂ ಇರುವುದಿಲ್ಲ. ರೀಲ್ಸ್‌ನವರ ವಿಷಯ ಎತ್ತಿದರೆ ಈ ಪುಟ ಸಾಲದು.

ಮುದುಕಿಯ ಫೋಟೋ ಛಾಪಿಸುವುದಿಲ್ಲ. ಆದರೆ ಆ ಚಾಲಕನ ಜೊತೆ ಎರಡು ದಿನ ಕೂತಿದ್ದಿರಲ್ಲ, ಅವನ ಬಗ್ಗೆ ಬರೆಯಿರಿ. ಕಾರು ಯಾರದು, ನಿಮ್ಮಂಥವರನ್ನು ಇಳಿಸಿ ಮನೆಗೆ ಹೋಗಿ ಏನು ಹೇಳುತ್ತಾನೆ? ನಂಬರು ಇದ್ದೀತು, ಮೊದಲು ಅವನನ್ನು ಕೇಳಿ. ಒಪ್ಪಿದರೆ ಎರಡು ಪುಟ ಕಾದಿರಿಸುತ್ತೇನೆ.