ಟೆಕ್ಸಸ್‌ನ ನಮ್ಮ ಕ್ಷೇತ್ರದ ಶಾಸಕರು ಅಧಿವೇಶನಕ್ಕೆ ಮೊದಲೇ 20 ಮಸೂದೆಗಳ ಪಟ್ಟಿ ಕಳಿಸಿದ್ದಾರೆ. ಇವೆಲ್ಲ ಕಾನೂನಾಗುತ್ತವಾ?

ಇಲ್ಲ, ಎರಡು ಮೂರು ಆದರೆ ಹೆಚ್ಚು.

ಟೆಕ್ಸಸ್ ಶಾಸನಸಭೆ ಸೇರುವುದು ಎರಡು ವರ್ಷಕ್ಕೊಮ್ಮೆ, ಬೆಸ ವರ್ಷದ ಜನವರಿಯಲ್ಲಿ. ಹೆಚ್ಚೆಂದರೆ 140 ದಿನ. ಹಾಗಾಗಿ ಹಿಂದಿನ ನವೆಂಬರ್‌ನಲ್ಲೇ ಮಸೂದೆ ಸಲ್ಲಿಸಲು ಬಿಡುತ್ತಾರೆ, ನಿಮಗೆ ಬಂದ ಪಟ್ಟಿ ಬಹುಶಃ ಅಲ್ಲಿಂದಲೇ ಬಂದದ್ದು. ಭಾರತದಲ್ಲಿ ಮಸೂದೆ ಅಂದರೆ ಸಾಮಾನ್ಯವಾಗಿ ಮಂತ್ರಿಗಳೇ ತರುವುದು, ಅಲ್ವಾ? ಟೆಕ್ಸಸ್‌ನಲ್ಲಿ ಪ್ರತಿ ಶಾಸಕರೂ ತಂದುಬಿಡಬಹುದು. 2023ರಲ್ಲಿ 8 ಸಾವಿರಕ್ಕೂ ಜಾಸ್ತಿ ಮಸೂದೆ ಬಂದವು, ಪಾಸಾದದ್ದು ಸುಮಾರು 1200.

ಉಳಿದವುಗಳಲ್ಲಿ ಹೆಚ್ಚಿನವನ್ನು ಯಾರೂ ಎದ್ದುನಿಂತು ಸೋಲಿಸುವುದಿಲ್ಲ. ಸಮಿತಿಯಲ್ಲಿ ಸುಮ್ನೆ ಕೂತಿರುತ್ತವೆ. ಸಮಿತಿ ದಾಟಿದರೂ ಹೌಸ್‌ನಲ್ಲಿ, ಅಂದರೆ ಕೆಳಮನೆಯಲ್ಲಿ, ಕ್ಯಾಲೆಂಡರ್ಸ್ ಕಮಿಟಿ ಅಂತ ಇನ್ನೊಂದಿದೆ, ಚರ್ಚೆಗೆ ದಿನ ಕೊಡುವುದು ಅದೇ, ಅದು ದಿನ ಕೊಡದಿದ್ದರೆ ಮೇ ತಿಂಗಳ ಗಡುವು ದಾಟಿ ಮಸೂದೆಯ ಕಥೆ ಮುಗಿಯಿತು. ಆಮೇಲೆ ಮೇಲ್ಮನೆಯಾದ ಸೆನೆಟ್, ಗವರ್ನರ್ ಬೇರೆ.

ಆದ್ದರಿಂದ ಪಟ್ಟಿಯ ಉದ್ದ ನೋಡಬೇಡಿ. ಆ ಶಾಸಕರು ಯಾವ ಸಮಿತಿಯಲ್ಲಿದ್ದಾರೆ, ಸೆನೆಟ್‌ನಲ್ಲಿ ಅದೇ ಮಸೂದೆಯನ್ನು ಬೇರೆ ಯಾರಾದರೂ ತಂದಿದ್ದಾರಾ ನೋಡಿ. ಶಾಸನಸಭೆಯ ವೆಬ್‌ಸೈಟ್‌ನಲ್ಲಿ ಮಸೂದೆಯ ನಂಬರ್ ಹಾಕಿದರೆ ಎಲ್ಲಿ ನಿಂತಿದೆ ಅಂತ ಸಿಗುತ್ತದೆ.