ಟ್ಯೂರಿನ್ ಶವವಸ್ತ್ರ: ಹೊಗೆ ಹತ್ತಿದ್ದಕ್ಕೇ ಸಾವಿರದ ಮುನ್ನೂರು ವರ್ಷ ಮಾಯವಾಯಿತೆ?

ಟ್ಯೂರಿನ್ ಶವವಸ್ತ್ರ ಅಂದರೆ ಯೇಸುವಿನ ಶವಕ್ಕೆ ಸುತ್ತಿದ್ದೆಂದು ಹಲವರು ನಂಬುವ, ಮನುಷ್ಯನ ಆಕೃತಿ ಮೂಡಿರುವ ಅಗಸೆನಾರಿನ ಬಟ್ಟೆ. 1988ರ ಕಾರ್ಬನ್ ಡೇಟಿಂಗ್ (ಉಳಿದ ಕಾರ್ಬನ್-14 ಅಳೆದು ವಯಸ್ಸು ಹೇಳುವ ವಿಧಾನ) ಅದನ್ನು ಮಧ್ಯಯುಗದ್ದು ಎಂದಿತು. ಬೆಂಕಿಯ ಹೊಗೆ, ಮುಟ್ಟಿದವರ ಕೈಜಿಡ್ಡು ಸೇರಿ ಆ ಡೇಟಿಂಗ್ ಕೆಟ್ಟಿದ್ದರೆ ಬಟ್ಟೆಯ ಮೇಲೆ ಬಣ್ಣ ಸಿಕ್ಕಿತೆಂಬ ವರದಿಯನ್ನೂ ನಂಬಬೇಕಿಲ್ಲವಲ್ಲ, ಬಣ್ಣ ಇಲ್ಲವೆಂದರೆ ಬಟ್ಟೆ ಹಳೆಯದೇ ಅಲ್ಲವೆ, ಅಂತ ಕೇಳಿದ್ದೀರಿ. ಈ ವಾದವನ್ನು ನಾನೂ ಮಾಡಿದವನೇ. ಸೋತದ್ದು ಒಂದೇ ಕಾರಣಕ್ಕೆ: ಶೇಕಡಾ ಹತ್ತರಷ್ಟು ಕೊಳೆ ಸಾಕು, ವಯಸ್ಸು ಎಲ್ಲಿಂದ ಎಲ್ಲಿಗೋ ಹೋಗುತ್ತದೆ ಅಂತ ಬಾಯಿಮಾತಿಗೆ ಹೇಳಿದ್ದೆ, ಲೆಕ್ಕ ಹಾಕಿರಲಿಲ್ಲ.

ಆ ಲೆಕ್ಕ ಹೀಗಿದೆ. ಹೊಲದಲ್ಲಿ ನಿಂತ ಅಗಸೆ ಗಿಡದಲ್ಲಿ ಕಾರ್ಬನ್-14, ಅಂದರೆ ವಿಕಿರಣಶೀಲ ಇಂಗಾಲದ ಪ್ರಮಾಣ 100 ಅಂದುಕೊಳ್ಳಿ. ಕಿತ್ತ ಮೇಲೆ ಅದು ಕರಗುತ್ತಾ ಹೋಗುತ್ತದೆ, 5,730 ವರ್ಷಕ್ಕೆ ಅರ್ಧ. ಯೇಸುವಿನ ಕಾಲದ ನಾರಿನಲ್ಲಿ ಈಗ ಸುಮಾರು 78 ಉಳಿದಿರಬೇಕು. 1988ರಲ್ಲಿ ಅಳೆದಾಗ ಸಿಕ್ಕಿದ್ದು ಸುಮಾರು 92. ಎಪ್ಪತ್ತೆಂಟನ್ನು ತೊಂಬತ್ತೆರಡು ಮಾಡಲು 100 ಇರುವ ಹೊಸ ಕೊಳೆ ಎಷ್ಟು ಬೆರೆಸಬೇಕು? ಒಟ್ಟು ಇಂಗಾಲದಲ್ಲಿ ಶೇ 60ಕ್ಕೂ ಹೆಚ್ಚು! ನಾನು ಹೇಳುತ್ತಿದ್ದ ಶೇ 10 ಬೆರೆತರೆ ವಯಸ್ಸು ಕಡಿಮೆಯಾಗುವುದು ಬರೀ 220 ವರ್ಷ. ಇನ್ನು ಹೊಗೆಯದ್ದಂತೂ ಇನ್ನೂ ದುಬಾರಿ. 1532ರಲ್ಲಿ, ಬಟ್ಟೆ ಆಗ ಇದ್ದ ಫ್ರಾನ್ಸ್‌ನ ಷಾಂಬೆರಿಯ ಚಾಪೆಲ್‌ಗೆ ಬೆಂಕಿ ಬಿದ್ದಾಗ ಹತ್ತಿದ ಮಸಿ ಆ ಕಾಲದ್ದೇ, ಅದರಲ್ಲಿ ಈಗ ಇರುವುದು ಸುಮಾರು 96. ಹಾಗಾಗಿ ಅದು ಶೇ 77 ಬೇಕು, ಅಂದರೆ ಬಟ್ಟೆಯ ಮೂರು ಪಟ್ಟಿಗೂ ಹೆಚ್ಚು ಮಸಿಯೇ ಇರಬೇಕು. ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಏರಿದ್ದನ್ನು ಹಿಡಿದು, ಎಂಬತ್ತರ ದಶಕದ ಕೊಳೆ ಅಂತಲೇ ಇಟ್ಟುಕೊಂಡರೂ ಮೂರನೇ ಒಂದು ಭಾಗ ಬೇಕಾಗುತ್ತದೆ. ಅಷ್ಟು ಕೊಳೆ ಇದ್ದರೆ ಬರಿಗಣ್ಣಿಗೇ ಕಾಣುತ್ತದೆ.

ಅದೂ ತೊಳೆದ ಮೇಲೆ ಉಳಿಯಬೇಕು. ಆಕ್ಸ್‌ಫರ್ಡ್‌ನವರು ಮೊದಲು ನಿರ್ವಾತ ನಳಿಕೆಯಿಂದ ಧೂಳು ಹೀರಿ, ಮೇಣ ಮತ್ತು ಜಿಡ್ಡು ಬಿಡಿಸಲು 40 ಡಿಗ್ರಿಯ ಪೆಟ್ರೋಲಿಯಂ ಈಥರ್‌ನಲ್ಲಿ ಒಂದು ಗಂಟೆ ಇಟ್ಟರು. ಆಮೇಲೆ 80 ಡಿಗ್ರಿಯ ಹೈಡ್ರೋಕ್ಲೋರಿಕ್ ಆಮ್ಲ ಎರಡು ಗಂಟೆ, ಅಷ್ಟೇ ಬಿಸಿಯ ಕಾಸ್ಟಿಕ್ ಸೋಡಾ ಎರಡು ಗಂಟೆ, ಮತ್ತೆ ಆಮ್ಲ. ಕೊನೆಯ ಆಮ್ಲ ಯಾಕೆಂದರೆ, ಸೋಡಾ ತಾನೇ ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಎಳೆದುಕೊಂಡು ಹೊಸ ಇಂಗಾಲ ಸೇರಿಸಿಬಿಡುತ್ತದೆ. ಇಷ್ಟಾದರೂ ಹೋಗದಿರುವುದು ಮುಖ್ಯವಾಗಿ ಎರಡು: ನಾರಿನ ಸೆಲ್ಯುಲೋಸ್‌ಗೆ ರಾಸಾಯನಿಕವಾಗಿ ಅಂಟಿದ್ದು, ಇಲ್ಲವೆ ಆಮೇಲೆ ಹೆಣೆದು ಸೇರಿಸಿದ ಹೊಸ ನೂಲು.

ನಿಜವಾದ ಹುಳುಕು ಹೊಗೆಯಲ್ಲಲ್ಲ, ಕತ್ತರಿಯಲ್ಲಿದೆ. ಮೊದಲಿಗೆ ಏಳು ಪ್ರಯೋಗಾಲಯಗಳು ಅಂತಿದ್ದದ್ದು ಕೊನೆಗೆ ಮೂರಾಯಿತು. 1988ರ ಏಪ್ರಿಲ್ 21ರಂದು ಒಂದೇ ಮೂಲೆಯಿಂದ ಒಂದು ಪಟ್ಟಿ ಕತ್ತರಿಸಿ, ತಲಾ ಸುಮಾರು 50 ಮಿಲಿಗ್ರಾಂನಂತೆ ಅಮೆರಿಕದ ಟೂಸಾನ್, ಆಕ್ಸ್‌ಫರ್ಡ್, ಜ್ಯೂರಿಕ್‌ಗೆ ಹಂಚಿದರು. ಬಂದ ವಯಸ್ಸು, 1950ರಿಂದ ಹಿಂದಕ್ಕೆ ಎಣಿಸಿದರೆ, ಟೂಸಾನ್ 646±31, ಆಕ್ಸ್‌ಫರ್ಡ್ 750±30, ಜ್ಯೂರಿಕ್ 676±24. ಸರಾಸರಿ 689, ಕ್ಯಾಲೆಂಡರಿಗೆ ಹೊಂದಿಸಿದರೆ ಕ್ರಿ.ಶ. 1260ರಿಂದ 1390. ಟೂಸಾನ್ ಮತ್ತು ಆಕ್ಸ್‌ಫರ್ಡ್ ನಡುವಿನ ಅಂತರ 104 ವರ್ಷ, ಇಬ್ಬರ ದೋಷವನ್ನೂ (ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದು) ಸೇರಿಸಿದರೆ 43. ಇದು ಸರಿಯಾಗಿ ಕೂರುವುದಿಲ್ಲ. ಜೊತೆಗೆ ಕೊಟ್ಟ ಹೋಲಿಕೆಯ ಬಟ್ಟೆಗಳಲ್ಲಿ ಇವರೇ ಚೆನ್ನಾಗಿ ಒಮ್ಮತಕ್ಕೆ ಬಂದಿದ್ದರು, ಆದ್ದರಿಂದ ಆ ಪಟ್ಟಿಯೇ ಉದ್ದಕ್ಕೂ ಒಂದೇ ಸಮ ಇರಲಿಲ್ಲವೇನೋ ಎಂಬ ಅನುಮಾನ ನ್ಯಾಯವಾದದ್ದು. 2005ರಲ್ಲಿ ರಸಾಯನಶಾಸ್ತ್ರಜ್ಞ ರೇಮಂಡ್ ರೋಜರ್ಸ್ ಆ ಮೂಲೆ ಬಣ್ಣ ಹಾಕಿ ಹೆಣೆದ ತೇಪೆ ಎಂದರು. 2010ರಲ್ಲಿ ಟೂಸಾನ್‌ನಲ್ಲಿ ಉಳಿದಿದ್ದ ತುಣುಕನ್ನು ನೋಡಿದವರಿಗೆ ಬಣ್ಣವಾಗಲಿ ತೇಪೆಯಾಗಲಿ ಕಾಣಲಿಲ್ಲ. ನನ್ನ ಪ್ರಕಾರ ನೂರು ವರ್ಷದ ಎಳೆದಾಟವನ್ನು ಹಿಡಿದು ಸಾವಿರದ ಮುನ್ನೂರು ವರ್ಷ ಹಿಂದಕ್ಕೆ ಜಿಗಿಯಲಾಗದು. ಆದರೆ ಒಂದೇ ಮೂಲೆಯ ಮೂರು ತುಂಡುಗಳು ಮೂರು ಸಾಕ್ಷಿಗಳೂ ಅಲ್ಲ.

ತಮಾಷೆಯೆಂದರೆ ಬೆಂಕಿ ಕೆಡಿಸುವುದು ಇನ್ನೊಂದು ವಿಧಾನವನ್ನು. 2022ರಲ್ಲಿ ಎಕ್ಸ್-ರೇಯಿಂದ ಸೆಲ್ಯುಲೋಸ್ ಸವೆತ ಅಳೆದು ಎರಡು ಸಾವಿರ ವರ್ಷ ಎಂದರಲ್ಲ, ಆ ಸವೆತ ಬಿಸಿಗೆ ಬೇಗ ಆಗುತ್ತದೆ. ಬೆಂಕಿ ಕಂಡ ಬಟ್ಟೆಗೆ ಆ ಗಡಿಯಾರ ಹೊಂದದು.

ಬಣ್ಣದ ಪ್ರಶ್ನೆಯೇ ಬೇರೆ, ಅದನ್ನು ವಯಸ್ಸಿಗೆ ಗಂಟುಹಾಕಬೇಡಿ. 1978ರಲ್ಲಿ ಅಂಟುಪಟ್ಟಿಯಿಂದ ಎತ್ತಿದ ನಾರುಗಳಲ್ಲಿ ಸೂಕ್ಷ್ಮದರ್ಶಕ ತಜ್ಞ ವಾಲ್ಟರ್ ಮೆಕ್ರೋನ್ ಸೂಕ್ಷ್ಮದರ್ಶಕದಡಿ ಕಬ್ಬಿಣದ ಆಕ್ಸೈಡ್, ಅಂದರೆ ನಮ್ಮ ಜಾಜಿನ ಕೆಂಪು, ಮತ್ತು ಇಂಗಲೀಕದ (ಪಾದರಸದಿಂದಾದ ಕೆಂಪು ಬಣ್ಣದ) ಕಣ ಕಂಡು ಇದು ಚಿತ್ರ ಎಂದರು. ಹೆಲ್ಲರ್ ಮತ್ತು ಆಡ್ಲರ್ ಎಂಬ ವಿಜ್ಞಾನಿಗಳು ಅದೇ ನಾರುಗಳಲ್ಲಿ ರಕ್ತದ ಗುರುತು ಕಂಡರು. ಆಕೃತಿಯ ಹಳದಿ ಬಣ್ಣ ಹಚ್ಚಿದ್ದಲ್ಲ, ನಾರೇ ಮಾಗಿ ಹಳದಿಯಾದದ್ದು ಎಂದರು. ಒಂದು ಕಣ ಇದೆಯೆ ಎನ್ನುವುದು ಮುಖ್ಯವಲ್ಲ, ಕಣ್ಣಿಗೆ ಕಾಣುವ ಬಣ್ಣಕ್ಕೆ ಸಾಕಾಗುವಷ್ಟಿದೆಯೆ ಎನ್ನುವುದು ಮುಖ್ಯ. ನಾರು ನೀರಲ್ಲಿ ಕೊಳೆಹಾಕುವಾಗಲೇ ಕಬ್ಬಿಣ ಹಿಡಿಯುತ್ತದೆ, ಹಳೆಯ ಕಾಲದಲ್ಲಿ ಬಣ್ಣದಲ್ಲಿ ಬರೆದ ನಕಲುಗಳನ್ನು ಮೂಲ ಬಟ್ಟೆಗೆ ತಾಗಿಸಿ ಪವಿತ್ರಗೊಳಿಸುತ್ತಿದ್ದಾಗ ಇಂಗಲೀಕ ಉದುರಿರಬಹುದು. ಎಕ್ಸ್-ರೇ ಪ್ರತಿದೀಪ್ತಿಯಲ್ಲಿ (ಎಕ್ಸ್-ರೇ ಹಾಯಿಸಿ ಯಾವ ಧಾತು ಎಷ್ಟಿದೆ ಎಂದು ಅಳೆಯುವ ವಿಧಾನ) ಆಕೃತಿ ಇರುವಲ್ಲಿಗೂ ಖಾಲಿ ಬಟ್ಟೆಗೂ ಕಬ್ಬಿಣದ ವ್ಯತ್ಯಾಸ ಕಾಣಲಿಲ್ಲ, ಹೆಚ್ಚಿದ್ದದ್ದು ರಕ್ತದ ಕಲೆಗಳಲ್ಲಿ. ಹಾಗಂತ ಬಣ್ಣ ಹಚ್ಚೇ ಇರಲಿಲ್ಲ ಎಂದೂ ಹೇಳಲಾಗದು. 2009ರಲ್ಲಿ ಇಟಲಿಯ ರಸಾಯನಶಾಸ್ತ್ರಜ್ಞ ಗಾರ್ಲಾಸ್ಕೆಲ್ಲಿ ಆಮ್ಲ ಬೆರೆಸಿದ ಕೆಂಪು ಬಣ್ಣ ಉಜ್ಜಿ, ಬಿಸಿಮಾಡಿ, ತೊಳೆದು, ಬಣ್ಣ ಹೋದ ಮೇಲೂ ಹಳದಿ ಗುರುತು ಉಳಿಯುವುದನ್ನು ತೋರಿಸಿದರು. ಬಣ್ಣ ಇಲ್ಲದಿದ್ದರೆ ಹಳೆಯದು, ಇದ್ದರೆ ಹೊಸದು ಎಂಬ ನಿಮ್ಮ ತರ್ಕ ಎರಡೂ ಕಡೆ ಮುರಿಯುತ್ತದೆ.

ಇನ್ನೊಮ್ಮೆ ಅಳೆಯುವುದಾದರೆ ಅಂಚಿನ ಕಡೆ ಹೋಗಲೇಬಾರದು. 2002ರಲ್ಲಿ 1532ರ ಸುಟ್ಟ ತೂತುಗಳ ಮೇಲಿದ್ದ ತೇಪೆಗಳನ್ನು ಬಿಚ್ಚಿದಾಗ ಬಟ್ಟೆಯ ನಡುಭಾಗದ ಕರಕಲು ನಾರು ಸಿಕ್ಕಿತು. ಈಗಿನ ಯಂತ್ರಕ್ಕೆ ಒಂದು ಮಿಲಿಗ್ರಾಂ ಇಂಗಾಲ ಸಾಕು. ಬೇರೆಬೇರೆ ತೂತಿನಿಂದ ಚೂರುಚೂರು ತೆಗೆದು, ಯಾವುದು ಯಾವುದೆಂದು ಹೇಳದೆ ನಾಲ್ಕೈದು ಪ್ರಯೋಗಾಲಯಗಳಿಗೆ ಕೊಟ್ಟರೆ, ಹೊಸದಾಗಿ ಕತ್ತರಿ ಹಾಕದೆಯೇ ಮೂಲೆಯ ಜಗಳ ತೀರುತ್ತದೆ.